ಪಕ್ಕದ ಯಂತ್ರ ಸಿಗುತ್ತದೆ, ಆಚೆ ನೆಟ್‌ವರ್ಕಿನದು ಸಿಗುವುದಿಲ್ಲ: ಆರ್ಪ್ ದೋಷ ಪತ್ತೆ ಮಾಡುವ ಕ್ರಮ

ಪಕ್ಕದ ಮೇಜಿನ ಕಂಪ್ಯೂಟರಿಗೆ ಪಿಂಗ್ (ಇದ್ದೀಯಾ ಎಂದು ಕೇಳುವ ಪರೀಕ್ಷಾ ಸಂದೇಶ) ಹೋಗುತ್ತದೆ, ಮೇಲಿನ ಮಹಡಿಯ ಸರ್ವರ್‌ಗೆ ಹೋಗುವುದಿಲ್ಲ. ಕೇಬಲ್ ಸರಿಯಾಗಿದೆ, ಪೋರ್ಟಿನ ದೀಪ ಮಿಣುಕುತ್ತಿದೆ, ಐಪಿ ವಿಳಾಸವೂ ಬಂದಿದೆ. ಇಂಥ ದೂರಿಗೆ ಸಾಮಾನ್ಯವಾಗಿ ನಡೆಯುವ ಮೊದಲ ಚಿಕಿತ್ಸೆ ಎಂದರೆ ರೌಟರನ್ನು ಆರಿಸಿ ಮತ್ತೆ ಹಚ್ಚುವುದು. ಕೆಲವೊಮ್ಮೆ ಅದರಿಂದ ಸರಿಹೋಗಿಬಿಡುತ್ತದೆ, ತೊಂದರೆ ಇರುವುದೇ ಅಲ್ಲಿ. ಯಾವುದು ಕೆಟ್ಟಿತ್ತು ಎಂದು ತಿಳಿಯುವ ಮೊದಲೇ ಸುಳಿವು ಅಳಿಸಿಹೋಗಿರುತ್ತದೆ. ನಾಲ್ಕು ದಿನ ಬಿಟ್ಟು ಅದೇ ದೂರು ಮರಳುತ್ತದೆ. ರೌಟರ್ ಆರಿಸುವ ಮೊದಲು ಆರ್ಪ್ ಪಟ್ಟಿ ನೋಡಿ, ಅಂದರೆ ನಿಮ್ಮ ಯಂತ್ರ ತನ್ನ ನೆಟ್‌ವರ್ಕಿನ ಇತರರ ವಿಳಾಸಗಳನ್ನು ಬರೆದಿಟ್ಟುಕೊಳ್ಳುವ ಪಟ್ಟಿ. ಅದಕ್ಕೆ ಖರ್ಚಿಲ್ಲ, ಅರ್ಧ ನಿಮಿಷ ಸಾಕು.

ಸರಿಯಾಗಿದ್ದಾಗ ಏನು ನಡೆಯುತ್ತದೆ

ಒಂದು ಕಚೇರಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಲೆಕ್ಕಪತ್ರ ವಿಭಾಗದ ನೆಟ್‌ವರ್ಕ್ 192.168.10.0, ಸರ್ವರ್ ಕೋಣೆಯದು 192.168.20.0, ಎರಡಕ್ಕೂ ಮಾಸ್ಕ್ (ವಿಳಾಸದ ಎಷ್ಟು ಭಾಗ ನೆಟ್‌ವರ್ಕಿನ ಗುರುತು ಎಂದು ಹೇಳುವ ಸಂಖ್ಯೆ) 255.255.255.0, ಅಂದರೆ ಮೊದಲ ಮೂರು ಸಂಖ್ಯೆಗಳು. ನಡುವೆ ಒಂದು ರೌಟರ್, ಅದರ ಒಂದು ಕಾಲು 192.168.10.1ರಲ್ಲಿ, ಇನ್ನೊಂದು 192.168.20.1ರಲ್ಲಿ. ನಿಮ್ಮ ಯಂತ್ರ 192.168.10.25, ತಲುಪಬೇಕಾದ ಸರ್ವರ್ 192.168.20.40.

ಈಥರ್ನೆಟ್‌ನಲ್ಲಿ, ಅಂದರೆ ಕಚೇರಿಯ ಕೇಬಲ್ ನೆಟ್‌ವರ್ಕಿನಲ್ಲಿ, ಫ್ರೇಮ್ (ದತ್ತಾಂಶದ ತುಣುಕಾದ ಪ್ಯಾಕೆಟನ್ನು ಹೊತ್ತ ಹೊದಿಕೆ) ಸಾಗಬೇಕಾದರೆ ಮ್ಯಾಕ್ ವಿಳಾಸ, ಅಂದರೆ ಯಂತ್ರದ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ, ಬೇಕು. ಐಪಿ ವಿಳಾಸ ಹಿಡಿದು ಮ್ಯಾಕ್ ವಿಳಾಸ ಕೇಳಿ ತಿಳಿಯುವ ಪದ್ಧತಿಯೇ ಆರ್ಪ್. ಅದನ್ನು ವಿವರಿಸಿ ಡೇವಿಡ್ ಪ್ಲಮ್ಮರ್ ಬರೆದ ಆರ್‌ಎಫ್‌ಸಿ 826 ಎಂಬ ದಾಖಲೆ 1982ರ ನವೆಂಬರಿನಲ್ಲಿ ಹೊರಬಂದಿತು. ಇಂದಿಗೂ ಪದ್ಧತಿ ಬಹುಪಾಲು ಅದೇ.

ಸರ್ವರ್‌ಗೆ ಪ್ಯಾಕೆಟ್ ಕಳಿಸುವ ಮುನ್ನ ನಿಮ್ಮ ಯಂತ್ರ ತನ್ನ ಮಾಸ್ಕ್ ಹಿಡಿದು ಲೆಕ್ಕ ಹಾಕುತ್ತದೆ: 20.40 ನಮ್ಮ ನೆಟ್‌ವರ್ಕಿನದೇ? ಅಲ್ಲ ಎಂದು ಗೊತ್ತಾದ ಕ್ಷಣವೇ ಸರ್ವರ್‌ನ ಮ್ಯಾಕ್ ಹುಡುಕುವ ಯೋಚನೆ ಬಿಟ್ಟುಬಿಡುತ್ತದೆ. ಅದು ಕೇಳುವುದು ಗೇಟ್‌ವೇಯ, ಅಂದರೆ ಹೊರಗೆ ಹೋಗುವ ಬಾಗಿಲಾದ ರೌಟರಿನ, ಮ್ಯಾಕ್: ‘192.168.10.1 ಯಾರದು? 192.168.10.25ಕ್ಕೆ ತಿಳಿಸಿ’. ಈ ಪ್ರಶ್ನೆ ಬ್ರಾಡ್‌ಕಾಸ್ಟ್ ಆಗಿ ಸ್ಥಳೀಯ ನೆಟ್‌ವರ್ಕಿನ ಎಲ್ಲರಿಗೂ ಹೋಗುತ್ತದೆ, ಉತ್ತರ ಮಾತ್ರ ಕೇಳಿದವರಿಗೆ ನೇರವಾಗಿ ಬರುತ್ತದೆ. ಬಳಿಕ ಹೊರಡುವ ಫ್ರೇಮಿನ ಮೇಲೆ ಮ್ಯಾಕ್ ರೌಟರಿನದು, ಒಳಗಿನ ಐಪಿ ಸರ್ವರಿನದು. ರೌಟರ್ ಹೊರಗಿನ ಈಥರ್ನೆಟ್ ಹೊದಿಕೆ ಕಿತ್ತು, ಟಿಟಿಎಲ್ (ಪ್ಯಾಕೆಟ್ ಇನ್ನೆಷ್ಟು ರೌಟರ್ ದಾಟಬಹುದೆಂಬ ಎಣಿಕೆ) ಒಂದು ಇಳಿಸಿ, ಆಚೆ ಕಡೆಯ ಕಾಲಿನಿಂದ ತಾನೇ ಹೊಸದಾಗಿ ‘192.168.20.40 ಯಾರದು?’ ಎಂದು ಕೇಳುತ್ತದೆ. ಎರಡೂ ಕಡೆಯ ಪ್ರಶ್ನೆಗಳು ಬೇರೆ ಬೇರೆ. ಯಾವುದೂ ರೌಟರನ್ನು ದಾಟುವುದಿಲ್ಲ. ಪ್ರಶ್ನೆ ಕೇಳಿಸಿಕೊಂಡ ಯಂತ್ರ ಕೇಳಿದವರ ಮ್ಯಾಕನ್ನೂ ಬರೆದಿಟ್ಟುಕೊಳ್ಳುವುದರಿಂದ ಮರಳಿ ಬರುವ ದಾರಿಗೆ ಸಾಮಾನ್ಯವಾಗಿ ಹೊಸ ಪ್ರಶ್ನೆ ಬೇಕಾಗುವುದಿಲ್ಲ.

ಇದರಿಂದ ಕೈಗೆ ಸಿಗುವ ಒರೆಗಲ್ಲು ಇಷ್ಟು: ನಿಮ್ಮ ಯಂತ್ರದ ಆರ್ಪ್ ಪಟ್ಟಿಯಲ್ಲಿ 192.168.10.1 ಇರಲೇಬೇಕು, 192.168.20.40 ಇರಲೇಬಾರದು. ಸರ್ವರ್‌ನ ಮ್ಯಾಕ್ ನನ್ನ ಪಟ್ಟಿಯಲ್ಲಿ ಕಾಣಿಸುತ್ತಿಲ್ಲ ಎಂದು ಗಾಬರಿಯಾಗುವವರು ಬಹಳ ಮಂದಿ. ಕಂಡರೆ ಗಾಬರಿಯಾಗಬೇಕು.

ಲಕ್ಷಣ: ಮೊದಲ ಪಿಂಗ್ ಮಾತ್ರ ಹೋಗುವುದಿಲ್ಲ, ಉಳಿದವು ಹೋಗುತ್ತವೆ

ದೋಷವಲ್ಲ. ರೌಟರ್ ಆಚೆ ಕಡೆ ಮ್ಯಾಕ್ ಕೇಳಿ ಉತ್ತರ ಪಡೆಯುವಷ್ಟರಲ್ಲಿ ಮೊದಲ ಪ್ಯಾಕೆಟ್ ಬಿದ್ದುಹೋಗುವುದುಂಟು. ಬಿಟ್ಟುಬಿಡಿ. ಲಿನಕ್ಸ್‌ನಲ್ಲಿ ಆರ್ಪ್ ಪಟ್ಟಿ ತೋರಿಸುವ ಐಪಿ ನೇಬರ್ (ip neigh) ಆದೇಶ ಕೊಟ್ಟಾಗ ಗೇಟ್‌ವೇಯ ಮುಂದೆ ‘ಸ್ಟೇಲ್’ ಎಂದು ಕಂಡರೂ ಅಷ್ಟೇ. ಈಚೆಗೆ ಖಚಿತಪಡಿಸಿಕೊಂಡಿಲ್ಲ, ಬಳಸುವಾಗ ಮತ್ತೆ ವಿಚಾರಿಸುತ್ತೇನೆ ಎಂದಷ್ಟೇ ಅದರ ಅರ್ಥ. ‘ಇನ್‌ಕಂಪ್ಲೀಟ್’ ಅಥವಾ ‘ಫೇಲ್ಡ್’ ಎಂದಿದ್ದರೆ ಮಾತ್ರ ಮುಂದೆ ಓದಿ.

ಲಕ್ಷಣ: ಹೊರಗಿನದು ಯಾವುದೂ ಸಿಗುವುದಿಲ್ಲ

ಮೊದಲು ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ (ipconfig) ಆದೇಶ ಕೊಟ್ಟು ನಿಮ್ಮ ವಿಳಾಸ ನೋಡಿ. ವಿಳಾಸ 169.254ರಿಂದ ಶುರುವಾಗಿದ್ದರೆ ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಸಿಕ್ಕಿಲ್ಲ, ಯಂತ್ರ ತಾನೇ ಒಂದು ವಿಳಾಸ ಕಲ್ಪಿಸಿಕೊಂಡಿದೆ ಎಂದರ್ಥ. ಅದನ್ನು ಸರಿಪಡಿಸದೆ ಆರ್ಪ್ ಹುಡುಕುವುದು ವ್ಯರ್ಥ. ಗೇಟ್‌ವೇ ಸಾಲು ಖಾಲಿ ಇದ್ದರೆ ದೋಷ ಅಲ್ಲೇ ಸಿಕ್ಕಿತು. ಲಿನಕ್ಸ್ ಆಗಿದ್ದರೆ ‘ನೆಟ್‌ವರ್ಕ್ ಈಸ್ ಅನ್‌ರೀಚಬಲ್’ ಎನ್ನುತ್ತದೆ, ಅಂದರೆ ಯಾರನ್ನು ಕೇಳಬೇಕೆಂದೇ ಅದಕ್ಕೆ ಗೊತ್ತಿಲ್ಲ.

ಎರಡೂ ಸರಿಯಿದ್ದರೆ ಸರ್ವರ್‌ಗೆ ಪಿಂಗ್ ಮಾಡಿ. ಬರುವ ಸಂದೇಶಕ್ಕಿಂತ ಆ ಸಂದೇಶ ಯಾರ ಬಾಯಿಂದ ಬಂತು ಎಂಬುದು ಮುಖ್ಯ, ಹೆಚ್ಚಿನವರು ಓದದೆ ಬಿಡುವುದೂ ಅದನ್ನೇ. ‘ರಿಪ್ಲೈ ಫ್ರಂ 192.168.10.25: ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಎಂದು ಬಂದರೆ ಮಾತಾಡಿದ್ದು ನಿಮ್ಮ ಯಂತ್ರವೇ. ಅದು ಆರ್ಪ್ ಪ್ರಶ್ನೆ ಕೇಳಿತು, ಯಾರೂ ಉತ್ತರಿಸಲಿಲ್ಲ. ಪ್ಯಾಕೆಟ್ ಕಟ್ಟಡ ಬಿಡುವುದಿರಲಿ, ಮೇಜೇ ಬಿಟ್ಟಿಲ್ಲ. ಇದೇ ಸಂದೇಶ 192.168.10.1ರಿಂದ ಬಂದರೆ ನಿಮ್ಮ ಕಡೆಯ ಕೆಲಸ ಮುಗಿದಿದೆ. ಆಚೆ ಕಡೆ ಸರ್ವರ್ ರೌಟರಿನ ಪ್ರಶ್ನೆಗೆ ಉತ್ತರಿಸುತ್ತಿಲ್ಲ. ಲಿನಕ್ಸ್ ಆಧಾರಿತ ರೌಟರ್‌ಗಳು ಹೀಗೆ ತಿಳಿಸುತ್ತವೆ, ಕೆಲವು ರೌಟರ್‌ಗಳು ಸುಮ್ಮನೆ ಪ್ಯಾಕೆಟ್ ಚೆಲ್ಲಿಬಿಡುತ್ತವೆ. ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದರೆ ಪ್ಯಾಕೆಟ್ ಹೊರಟಿದೆ, ಮರಳಿಲ್ಲ.

ಈಗ ಆರ್ಪ್ -ಎ (arp -a) ಆದೇಶ ಕೊಟ್ಟು ಪಟ್ಟಿ ನೋಡಿ. ಗೇಟ್‌ವೇ ಪಿಂಗ್‌ಗೆ ಉತ್ತರಿಸದಂತೆ ಮಾಡಿಟ್ಟಿರಬಹುದು, ಆರ್ಪ್‌ಗೆ ಉತ್ತರಿಸದೆ ಅದು ಕೆಲಸ ಮಾಡಲಾರದು. ಆದ್ದರಿಂದ ಪಿಂಗ್‌ಗಿಂತ ಪಟ್ಟಿಯನ್ನು ನಂಬಿ. ಗೇಟ್‌ವೇಯ ಸಾಲು ಇಲ್ಲದಿದ್ದರೆ ಈ ಕ್ರಮದಲ್ಲಿ ನೋಡುತ್ತಾ ಹೋಗಿ: ಗೇಟ್‌ವೇ ಸಂಖ್ಯೆಯನ್ನು ಕೈಯಿಂದ ಬರೆಯುವಾಗ 10.1ರ ಬದಲು 10.11 ಆಗಿದೆಯೇ, ಅದೇ ಕೋಣೆಯ ಬೇರೆ ಯಂತ್ರದಲ್ಲಿ ಗೇಟ್‌ವೇ ಕಾಣುತ್ತದೆಯೇ, ಕಂಡರೆ ಆ ಯಂತ್ರದ ಕೇಬಲನ್ನು ನಿಮ್ಮದಕ್ಕೆ ಚುಚ್ಚಿ. ಆ ಕೇಬಲ್ಲಿನಲ್ಲಿ ಬಂದು ನಿಮ್ಮ ಕೇಬಲ್ಲಿನಲ್ಲಿ ಬರದಿದ್ದರೆ ನಿಮ್ಮ ಕೇಬಲ್ಲೋ ಸ್ವಿಚ್ಚಿನ (ಯಂತ್ರಗಳ ಕೇಬಲ್ಲುಗಳು ಬಂದು ಸೇರುವ ಪೆಟ್ಟಿಗೆಯ) ಪೋರ್ಟೋ ಕೆಟ್ಟಿದೆ, ಇಲ್ಲವೇ ಆ ಪೋರ್ಟ್ ಬೇರೆ ವಿಎಲ್ಎಎನ್‌ಗೆ (ಅದೇ ಸ್ವಿಚ್ಚಿನಲ್ಲಿ ಬೇರ್ಪಡಿಸಿದ ನೆಟ್‌ವರ್ಕಿಗೆ) ಸೇರಿದೆ. ಮೇಜು ಸರಿಸಿ ಗೋಡೆಯ ಇನ್ನೊಂದು ಸಾಕೆಟ್ಟಿಗೆ ಚುಚ್ಚಿದ ದಿನದ ದೂರುಗಳು ಹೆಚ್ಚಾಗಿ ಇವೇ. ದೀಪ ಉರಿಯುತ್ತದೆ, ಪ್ರಶ್ನೆಯೂ ಹೊರಡುತ್ತದೆ, ಆದರೆ ಕೇಳಿಸುವುದು ಬೇರೆ ವಿಭಾಗದವರಿಗೆ.

ಲಕ್ಷಣ: ಇಂಟರ್‌ನೆಟ್ ಬರುತ್ತದೆ, ಕಚೇರಿಯ ಬೇರೆ ವಿಭಾಗ ಮಾತ್ರ ಸಿಗುವುದಿಲ್ಲ

ನನಗೆ ಬಹಳ ಇಷ್ಟವಾದ ದೋಷ ಇದು. ಏಕೆಂದರೆ ಇದು ವರ್ಷಗಟ್ಟಲೆ ಅಡಗಿ ಕೂರಬಲ್ಲದು.

ನಿಮ್ಮ ಯಂತ್ರದ ಮಾಸ್ಕ್ 255.255.255.0 ಆಗುವ ಬದಲು 255.255.0.0 ಆಗಿದೆ ಎಂದುಕೊಳ್ಳಿ. ಈಗ ಅದರ ಲೆಕ್ಕದಲ್ಲಿ 192.168ರಿಂದ ಶುರುವಾಗುವುದೆಲ್ಲ ಸ್ವಂತ ನೆಟ್‌ವರ್ಕ್. ಸರ್ವರ್ 20.40 ಕೂಡ ಇಲ್ಲೇ ಇದೆ ಎಂದು ನಂಬಿ, ಗೇಟ್‌ವೇಯನ್ನು ಬಿಟ್ಟು ನೇರವಾಗಿ ಸರ್ವರ್‌ನ ಮ್ಯಾಕ್ ಕೇಳುತ್ತದೆ. ಪ್ರಶ್ನೆ ರೌಟರ್ ದಾಟುವುದಿಲ್ಲ, ಉತ್ತರ ಬರುವುದಿಲ್ಲ. ಇಂಟರ್‌ನೆಟ್ ವಿಳಾಸಗಳು 192.168ರಲ್ಲಿ ಇಲ್ಲವಾದ್ದರಿಂದ ಅವು ಎಂದಿನಂತೆ ಗೇಟ್‌ವೇಗೆ ಹೋಗಿ ತಲುಪುತ್ತವೆ. ಹಾಗಾಗಿ ಬಳಸುವವರು ‘ನೆಟ್ ಚೆನ್ನಾಗಿದೆ, ಸರ್ವರ್ ಕೆಟ್ಟಿದೆ’ ಎನ್ನುತ್ತಾರೆ, ಸರ್ವರ್ ನೋಡಿಕೊಳ್ಳುವವರು ಅರ್ಧ ದಿನ ಕಳೆದುಕೊಳ್ಳುತ್ತಾರೆ.

ಇಷ್ಟು ದಿನ ಸರಿಯಿದ್ದು ಈಗೇಕೆ ಕೆಟ್ಟಿತು? ಇತ್ತೀಚೆಗೆ ರೌಟರ್ ಬದಲಾಯಿಸಿದಿರಾ ಎಂದು ಕೇಳಿ. ಪ್ರಾಕ್ಸಿ ಆರ್ಪ್ ಎಂಬ ಒಂದು ಸೌಕರ್ಯವಿದೆ, 1987ರ ಆರ್‌ಎಫ್‌ಸಿ 1027 ಅದನ್ನು ವಿವರಿಸುತ್ತದೆ. ತನ್ನದಲ್ಲದ ವಿಳಾಸವನ್ನು ಯಾರಾದರೂ ಕೇಳಿದಾಗ, ಆ ವಿಳಾಸಕ್ಕೆ ದಾರಿ ತನಗೆ ಗೊತ್ತಿದ್ದರೆ, ರೌಟರ್ ತನ್ನದೇ ಮ್ಯಾಕ್ ಕೊಟ್ಟುಬಿಡುತ್ತದೆ. ಸಿಸ್ಕೋ ಐಒಎಸ್ ರೌಟರ್‌ಗಳಲ್ಲಿ ಇದು ಮೊದಲಿನಿಂದಲೂ ತೆರೆದೇ ಇರುತ್ತದೆ. ತಪ್ಪು ಮಾಸ್ಕಿನ ಯಂತ್ರಗಳು ಅದರ ಕೃಪೆಯಲ್ಲಿ ಬದುಕಿರುತ್ತವೆ. ಪ್ರಾಕ್ಸಿ ಆರ್ಪ್ ಇಲ್ಲದ ಹೊಸ ರೌಟರ್ ಬಂದ ದಿನ ಕೃಪೆ ಮುಗಿಯುತ್ತದೆ, ದೂಷಣೆ ಹೊಸ ರೌಟರ್ ಮೇಲೆ ಬೀಳುತ್ತದೆ.

ಹಳೆಯ ರೌಟರ್ ಇನ್ನೂ ಇರುವಾಗಲೇ ಇದನ್ನು ಪತ್ತೆ ಮಾಡಬಹುದು. ಆರ್ಪ್ ಪಟ್ಟಿಯಲ್ಲಿ 192.168.20.40, 192.168.20.41, 192.168.30.7 ಹೀಗೆ ಆಚೆಯ ವಿಳಾಸಗಳು ಸಾಲಾಗಿ ನಿಂತು, ಎಲ್ಲದರ ಎದುರು 192.168.10.1ರ ಮ್ಯಾಕ್ ಇದ್ದರೆ ಮಾಸ್ಕ್ ತಪ್ಪಾಗಿದೆ ಎಂದು ತಿಳಿಯಿರಿ. ಡಿಎಚ್‌ಸಿಪಿಯಿಂದ ವಿಳಾಸ ಪಡೆದ ಯಂತ್ರಗಳು ಸರಿಯಿದ್ದು, ಕೈಯಿಂದ ವಿಳಾಸ ಬರೆದವು ಮಾತ್ರ ಕೆಟ್ಟಿದ್ದರೆ ಅನುಮಾನ ಇನ್ನೂ ಗಟ್ಟಿ. ಮಾಸ್ಕ್ ತಿದ್ದಿ. ಹೊಸ ರೌಟರಿನಲ್ಲಿ ಪ್ರಾಕ್ಸಿ ಆರ್ಪ್ ತೆರೆದು ಕೈ ತೊಳೆದುಕೊಳ್ಳುವವರಿದ್ದಾರೆ; ನಾನು ಹಾಗೆ ಮಾಡುವುದಿಲ್ಲ, ತಪ್ಪನ್ನು ಮುಂದಿನ ರೌಟರಿಗೆ ದಾಟಿಸಿದಂತಾಗುತ್ತದೆ ಅಷ್ಟೆ.

ಮಾಸ್ಕ್ ಕಿರಿದಾದರೂ ಕಾಟ ಉಂಟು, ಬೇರೆ ರೂಪದಲ್ಲಿ. 255.255.255.128 ಎಂದಿದ್ದರೆ ಅದೇ ಕೋಣೆಯ 192.168.10.200 ಪ್ರಿಂಟರ್ ಕೂಡ ಹೊರಗಿನದಾಗಿ ಕಂಡು ರೌಟರ್ ಮೂಲಕ ಹೋಗುತ್ತದೆ, ಉತ್ತರ ಮಾತ್ರ ನೇರವಾಗಿ ಬರುತ್ತದೆ. ಪಿಂಗ್ ನಡೆಯುತ್ತದೆ. ಆದರೆ ಗೇಟ್‌ವೇಯಲ್ಲಿ ಫೈರ್‌ವಾಲ್ (ಅನುಮತಿಯಿಲ್ಲದ ದಟ್ಟಣೆ ತಡೆಯುವ ಕಾವಲು) ಇದ್ದರೆ ಅದಕ್ಕೆ ಸಂಭಾಷಣೆಯ ಒಂದೇ ಪಕ್ಕ ಕೇಳಿಸಿ, ಟಿಸಿಪಿ (ಎರಡೂ ಕಡೆ ಒಪ್ಪಿ ನಡೆಸುವ) ಸಂಪರ್ಕವನ್ನು ಕಡಿದುಹಾಕುತ್ತದೆ. ಟ್ರೇಸರ್ಟ್ (tracert, ಪ್ಯಾಕೆಟ್ ದಾಟುವ ರೌಟರ್‌ಗಳನ್ನು ತೋರಿಸುವ ಆದೇಶ) ಮಾಡಿದಾಗ ಪಕ್ಕದ ಯಂತ್ರಕ್ಕೆ ಹೋಗುವ ದಾರಿಯಲ್ಲಿ ಗೇಟ್‌ವೇ ಕಾಣಿಸಿಕೊಂಡರೆ ಇದೇ ಕಾರಣ.

ಲಕ್ಷಣ: ಒಂದು ಪ್ರಿಂಟರ್ ಅಥವಾ ಕ್ಯಾಮೆರಾ ಅದರ ಮಹಡಿಯಲ್ಲಿ ಸಿಗುತ್ತದೆ, ಬೇರೆ ಮಹಡಿಯಿಂದ ಸಿಗುವುದಿಲ್ಲ

ಅದರ ಮೆನು ತೆರೆದು ಗೇಟ್‌ವೇ ನೋಡಿ. ಹತ್ತಕ್ಕೆ ಎಂಟು ಸಲ 0.0.0.0 ಇರುತ್ತದೆ, ಇಲ್ಲವೇ ಹಳೆಯ ಕಚೇರಿಯ ಸಂಖ್ಯೆ ಉಳಿದಿರುತ್ತದೆ. ಹಾಕಿದವರು ಅದೇ ಕೋಣೆಯಲ್ಲಿ ಪರೀಕ್ಷಿಸಿ ಹೋಗಿರುತ್ತಾರೆ. ಅಲ್ಲಿ ಗೇಟ್‌ವೇ ಬೇಕಾಗುವುದೇ ಇಲ್ಲವಲ್ಲ. ನಿಮ್ಮ ಪ್ಯಾಕೆಟ್ ಅದನ್ನು ತಲುಪುತ್ತದೆ, ಉತ್ತರ ಕೊಡಲು ಅದಕ್ಕೆ ದಾರಿ ಗೊತ್ತಿಲ್ಲ. ಗುರಿ ವಿಂಡೋಸ್ ಯಂತ್ರವಾಗಿದ್ದರೆ ಫೈರ್‌ವಾಲನ್ನೂ ನೋಡಿ, ಅದರ ಹಲವು ನಿಯಮಗಳು ಸ್ಥಳೀಯ ಸಬ್‌ನೆಟ್‌ಗೆ (ತನ್ನದೇ ನೆಟ್‌ವರ್ಕಿಗೆ) ಮಾತ್ರ ಅನುಮತಿ ಕೊಡುತ್ತವೆ.

ಲಕ್ಷಣ: ಬರುತ್ತದೆ, ಹೋಗುತ್ತದೆ

ಎರಡು ನಿಮಿಷ ಸರಿ, ಐದು ನಿಮಿಷ ಇಲ್ಲ, ಮತ್ತೆ ಸರಿ. ಒಂದೇ ಐಪಿ ಇಬ್ಬರಲ್ಲಿದ್ದಾಗ ಹೀಗಾಗುತ್ತದೆ. ಆರ್ಪ್‌ನಲ್ಲಿ ಉತ್ತರಿಸಿದವರು ನಿಜವಾಗಿ ಆ ವಿಳಾಸದವರೇ ಎಂದು ಪರೀಕ್ಷಿಸುವ ಏರ್ಪಾಡೇ ಇಲ್ಲ. ಬಂದ ಉತ್ತರವನ್ನು ನಂಬುತ್ತದೆ. ಇಬ್ಬರು ಉತ್ತರಿಸಿದರೆ ಪಟ್ಟಿಯಲ್ಲಿನ ಮ್ಯಾಕ್ ಅದಲುಬದಲಾಗುತ್ತಿರುತ್ತದೆ.

ಸರಿಯಿದ್ದಾಗ ಒಮ್ಮೆ, ಕೆಟ್ಟಾಗ ಒಮ್ಮೆ ಆರ್ಪ್ -ಎ ಕೊಟ್ಟು ಗೇಟ್‌ವೇಯ ಮ್ಯಾಕ್ ಬರೆದಿಟ್ಟುಕೊಳ್ಳಿ. ಎರಡೂ ಬೇರೆಯಾಗಿದ್ದರೆ ಇನ್ನೊಬ್ಬರು ಗೇಟ್‌ವೇಯ ವಿಳಾಸ ಹಿಡಿದು ಕೂತಿದ್ದಾರೆ. ಎರಡು ರೌಟರ್‌ಗಳನ್ನು ಬೇಕೆಂದೇ ಜೋಡಿಯಾಗಿ ಇಟ್ಟಿರುವ ಕಚೇರಿಗಳಲ್ಲಿ ಮಾತ್ರ ಈ ಬದಲಾವಣೆ ಸಹಜವಿರಬಹುದು. ಗೇಟ್‌ವೇ ಬದಲು ಯಾವುದೋ ಒಂದು ಯಂತ್ರದ ಮೇಲೆ ಅನುಮಾನವಿದ್ದರೆ ಅದರ ಕೇಬಲ್ ಕಿತ್ತು, ಬೇರೆ ಯಂತ್ರದಿಂದ ಆ ವಿಳಾಸಕ್ಕೆ ಪಿಂಗ್ ಮಾಡಿ. ಕೇಬಲ್ ಇಲ್ಲದ ಯಂತ್ರ ಉತ್ತರಿಸಿದರೆ ಜೋಡಿ ಸಿಕ್ಕಿತು.

ಇದರ ಹಿಂದೆ ಹೆಚ್ಚಾಗಿ ಒಂದು ಅಗ್ಗದ ವೈಫೈ ರೌಟರ್ ಇರುತ್ತದೆ. ಮೂಲೆಯ ಕೋಣೆಯಲ್ಲಿ ಸಿಗ್ನಲ್ ಬರುವುದಿಲ್ಲವೆಂದು ಯಾರೋ ಮನೆಯಿಂದ ತಂದು, ಗೋಡೆಯ ಕೇಬಲನ್ನು ಅದರ ವ್ಯಾನ್ (ಹೊರಗಿನ ಸಂಪರ್ಕದ) ಪೋರ್ಟಿನ ಬದಲು ಲ್ಯಾನ್ (ಒಳಗಿನ ಯಂತ್ರಗಳ) ಪೋರ್ಟಿಗೆ ಚುಚ್ಚಿರುತ್ತಾರೆ. ಕಾರ್ಖಾನೆಯಿಂದ ಅದು 192.168.0.1 ಅಥವಾ 192.168.1.1 ಹೊತ್ತು ಬಂದಿರುತ್ತದೆ. ಕಚೇರಿಯ ಗೇಟ್‌ವೇಯೂ ಅದೇ ಆಗಿದ್ದರೆ ಡಿಕ್ಕಿ. ಬೇರೆಯಾಗಿದ್ದರೂ ಅದರ ಡಿಎಚ್‌ಸಿಪಿ ತನ್ನ ವಿಳಾಸಗಳನ್ನು ಹಂಚತೊಡಗುತ್ತದೆ. ಐಪಿಕಾನ್ಫಿಗ್ /ಆಲ್ ಕೊಟ್ಟಾಗ ಕಾಣುವ ಡಿಎಚ್‌ಸಿಪಿ ಸರ್ವರ್ ಸಾಲಿನಲ್ಲಿ ಅಪರಿಚಿತ ಸಂಖ್ಯೆ ಇದ್ದರೆ ಅದನ್ನು ಹುಡುಕಿ ಹೊರಡಿ.

ಹುಡುಕುವುದು ಹೇಗೆ? ಮ್ಯಾಕ್ ವಿಳಾಸದ ಮೊದಲ ಮೂರು ಜೋಡಿಗಳು ತಯಾರಕರನ್ನು ತಿಳಿಸುತ್ತವೆ. ಎರಡನೆಯ ಅಂಕೆ 2, 6, ಎ ಅಥವಾ ಇ ಆಗಿದ್ದರೆ ಅದು ತಯಾರಕರು ಕೊಟ್ಟಿದ್ದಲ್ಲ. ಆಂಡ್ರಾಯ್ಡ್ 10, ಐಒಎಸ್ 14ರಿಂದೀಚೆಗೆ ಫೋನುಗಳು ವೈಫೈಗೆ ಇಂಥ ಯಾದೃಚ್ಛಿಕ ಮ್ಯಾಕ್ ಬಳಸುತ್ತವೆ. ಮ್ಯಾನೇಜ್ಡ್ ಸ್ವಿಚ್ (ಲಾಗಿನ್ ಆಗಿ ಒಳಗಿನದನ್ನು ನೋಡಬಹುದಾದದ್ದು) ಇದ್ದರೆ ಅದರ ಮ್ಯಾಕ್ ಪಟ್ಟಿಯಲ್ಲಿ ಪೋರ್ಟ್ ಸಂಖ್ಯೆ ಸಿಗುತ್ತದೆ. ಸದ್ದಿಲ್ಲದ ಯಂತ್ರದ ನಮೂದನ್ನು ಸ್ವಿಚ್‌ಗಳು ಸಾಮಾನ್ಯವಾಗಿ 300 ಸೆಕೆಂಡಿಗೆ ಅಳಿಸುವುದರಿಂದ, ದೋಷ ನಡೆಯುತ್ತಿರುವಾಗಲೇ ನೋಡಬೇಕು.

ಗೇಟ್‌ವೇಯ ಎದುರಿನ ಮ್ಯಾಕ್ ರೌಟರಿನದಾಗಿರದೆ ಇನ್ನೊಬ್ಬ ಸಹೋದ್ಯೋಗಿಯ ಲ್ಯಾಪ್‌ಟಾಪಿನದ್ದಾಗಿದ್ದು, ಆ ಲ್ಯಾಪ್‌ಟಾಪ್ ತನ್ನ ಸ್ವಂತ ಐಪಿಯಲ್ಲೂ ಉತ್ತರಿಸುತ್ತಿದ್ದರೆ ಅದು ಆಕಸ್ಮಿಕ ಜೋಡಿಯಾಗಿರಲಾರದು. ಯಾರೋ ನಡುವೆ ಕೂತು ದಟ್ಟಣೆಯನ್ನು ತಮ್ಮ ಮೂಲಕ ಹಾಯಿಸಿಕೊಳ್ಳುತ್ತಿರಬಹುದು. ನಿಮ್ಮ ಯಂತ್ರದಿಂದ ಬ್ಯಾಂಕ್ ವ್ಯವಹಾರ, ಪಾಸ್‌ವರ್ಡ್ ಬಳಕೆ ನಿಲ್ಲಿಸಿ, ಪಟ್ಟಿಯ ಚಿತ್ರ ತೆಗೆದು, ನೆಟ್‌ವರ್ಕ್ ಹೊಣೆ ಹೊತ್ತವರಿಗೆ ತಿಳಿಸಿ. ನೀವೇ ಹೋಗಿ ಲ್ಯಾಪ್‌ಟಾಪ್ ಕಸಿದುಕೊಳ್ಳಬೇಡಿ. ಅದರ ಮಾಲೀಕರಿಗೇ ವಿಷಯ ಗೊತ್ತಿಲ್ಲದಿರಬಹುದು.

ಲಕ್ಷಣ: ರೌಟರ್ ಬದಲಾಯಿಸಿದ ಮೇಲೆ ಬರುತ್ತಿಲ್ಲ, ಕೆಲವು ಗಂಟೆ ಬಿಟ್ಟು ತಾನೇ ಬಂತು

ಐಪಿ ಹಳೆಯದೇ, ಮ್ಯಾಕ್ ಹೊಸದು. ಈಗಿನ ವಿಂಡೋಸ್, ಲಿನಕ್ಸ್ ಯಂತ್ರಗಳು ಅರ್ಧ ನಿಮಿಷದ ಆಸುಪಾಸಿನಲ್ಲಿ ನಮೂದನ್ನು ಮತ್ತೆ ಪರೀಕ್ಷಿಸುವುದರಿಂದ ಅಷ್ಟು ಕಾಡುವುದಿಲ್ಲ. ಕಾಡುವುದು ಆಚೆ ತುದಿಯ ದೊಡ್ಡ ರೌಟರ್‌ಗಳು: ಸಿಸ್ಕೋದಲ್ಲಿ ಆರ್ಪ್ ನಮೂದಿನ ಆಯುಷ್ಯ ಬದಲಿಸದಿದ್ದರೆ ನಾಲ್ಕು ಗಂಟೆ. ಹೊಸ ರೌಟರ್ ಎದ್ದಾಗ ‘ಈ ಐಪಿ ಈಗ ನನ್ನದು’ ಎಂದು ತಾನಾಗಿ ಸಾರಿದರೆ ನಾಲ್ಕು ಗಂಟೆ ಕಾಯಬೇಕಿಲ್ಲ. ಸಾರದಿದ್ದರೆ, ಅಥವಾ ಸಾರಿದ್ದನ್ನು ಆಚೆಯವರು ಒಪ್ಪದಿದ್ದರೆ, ಇಂಟರ್‌ನೆಟ್ ಸೇವೆ ಕೊಡುವವರಿಗೆ ಕರೆ ಮಾಡಿ ಹಳೆಯ ನಮೂದು ಅಳಿಸಲು ಹೇಳಿ. ಕೇಬಲ್ ಇಂಟರ್‌ನೆಟ್ ಕೊಡುವ ಹಲವರು ಗ್ರಾಹಕರ ಮ್ಯಾಕನ್ನು ಖಾತೆಗೇ ಕಟ್ಟಿಹಾಕಿರುತ್ತಾರೆ. ಅಲ್ಲಿ ಎಷ್ಟು ಕಾದರೂ ಬಾರದು, ಹೊಸ ಮ್ಯಾಕ್ ಹೇಳಲೇಬೇಕು.

ನಿಮ್ಮ ಯಂತ್ರದ ಪಟ್ಟಿಯಲ್ಲಿ ಗೇಟ್‌ವೇಯ ಎದುರು ‘ಸ್ಟಾಟಿಕ್’ ಎಂದಿದೆಯೇ ನೋಡಿ. ಹಿಂದೆಂದೋ ಯಾರೋ ಕೈಯಿಂದ ಬರೆದಿಟ್ಟ ನಮೂದು ತಾನಾಗಿ ಅಳಿಯುವುದಿಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ಆರ್ಪ್ -ಡಿ (arp -d) ಕೊಟ್ಟು ತೆಗೆಯಿರಿ. ಬ್ರಾಡ್‌ಕಾಸ್ಟ್ (ಎಲ್ಲರಿಗೂ ಹೋಗುವ), ಮಲ್ಟಿಕಾಸ್ಟ್ (ಒಂದು ಗುಂಪಿಗೆ ಹೋಗುವ) ವಿಳಾಸಗಳ ಎದುರು ‘ಸ್ಟಾಟಿಕ್’ ಇರುವುದು ಸಹಜ, ಅವನ್ನು ಮುಟ್ಟಬೇಡಿ.

ಲಕ್ಷಣ: ಮನೆಯಿಂದ ವಿಪಿಎನ್ ಹಚ್ಚಿದರೆ ಕಚೇರಿಯ ಕೆಲವು ಯಂತ್ರಗಳು ಸಿಗುವುದಿಲ್ಲ

ಮನೆಯ ನೆಟ್‌ವರ್ಕೂ 192.168.1.0, ಕಚೇರಿಯದೂ 192.168.1.0. ಕಚೇರಿಯ 192.168.1.50ಕ್ಕೆ ಹೋಗಬೇಕಾದ ಪ್ಯಾಕೆಟ್‌ಗಾಗಿ ಯಂತ್ರ ನಿಮ್ಮ ಮನೆಯ ವೈಫೈಯಲ್ಲೇ ಮ್ಯಾಕ್ ಕೇಳುತ್ತದೆ, ವಿಪಿಎನ್ ಸುರಂಗದ (ಇಂಟರ್‌ನೆಟ್ ಮೂಲಕ ಕಚೇರಿಗೆ ಹೋಗುವ ಖಾಸಗಿ ದಾರಿಯ) ಕಡೆ ನೋಡುವುದೇ ಇಲ್ಲ. ಮನೆಯ ರೌಟರಿನಲ್ಲಿ ವಿಳಾಸ ಸಾಲನ್ನು 192.168.77.0ರಂಥ ಅಪರೂಪದ್ದಕ್ಕೆ ಬದಲಿಸಿ. ಹೊಸ ಕಚೇರಿ ಕಟ್ಟುವವರು 192.168.0 ಮತ್ತು 192.168.1 ಎರಡನ್ನೂ ಬಳಸದಿದ್ದರೆ ಈ ದೂರೂ ಮೇಲಿನ ಡಿಕ್ಕಿಯ ದೂರೂ ಬಹುಮಟ್ಟಿಗೆ ತಪ್ಪುತ್ತವೆ.

ಲಕ್ಷಣ: ಇಡೀ ಕಚೇರಿ ಒಮ್ಮೆಲೇ ನಿಂತಿತು, ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೆ ಹುಚ್ಚೆದ್ದು ಮಿನುಗುತ್ತಿವೆ

ಒಂದು ಕೇಬಲ್ಲಿನ ಎರಡೂ ತುದಿ ಒಂದೇ ಸ್ವಿಚ್ಚಿಗೆ ಸೇರಿದೆ. ಈಥರ್ನೆಟ್ ಫ್ರೇಮಿಗೆ ಟಿಟಿಎಲ್ ಇಲ್ಲದ್ದರಿಂದ ಒಂದು ಆರ್ಪ್ ಪ್ರಶ್ನೆ ಸುತ್ತುತ್ತಲೇ ಇರುತ್ತದೆ, ಪ್ರತಿ ಸುತ್ತಿನಲ್ಲಿ ಇನ್ನಷ್ಟು ಸೇರುತ್ತವೆ. ಕೊನೆಯದಾಗಿ ಚುಚ್ಚಿದ ಕೇಬಲ್ ಕೀಳಿ. ಯಾವುದೆಂದು ಗೊತ್ತಿಲ್ಲದಿದ್ದರೆ ಗುರುತು ಹಾಕಿಕೊಳ್ಳುತ್ತಾ ಒಂದೊಂದಾಗಿ ಕೀಳಿ.

ಎಲ್ಲಿ ನಿಲ್ಲಿಸಬೇಕು

ದೂರದಿಂದ ಲಾಗಿನ್ ಆಗಿ ಗೇಟ್‌ವೇ ಅಥವಾ ಮಾಸ್ಕ್ ತಿದ್ದಬೇಡಿ. ತಪ್ಪಿದರೆ ನೀವೇ ಹೊರಗೆ ಉಳಿಯುತ್ತೀರಿ, ಯಂತ್ರದ ಮುಂದೆ ಒಬ್ಬರನ್ನು ಕೂರಿಸಿಕೊಳ್ಳಿ. ಕಚೇರಿಯ ಮುಖ್ಯ ರೌಟರಿನ ಪೂರ್ತಿ ಆರ್ಪ್ ಪಟ್ಟಿಯನ್ನು ಕೆಲಸದ ಹೊತ್ತಿನಲ್ಲಿ ಅಳಿಸಬೇಡಿ, ಒಂದು ನಮೂದು ಸಾಕು. ನಿಮ್ಮದಲ್ಲದ ನೆಟ್‌ವರ್ಕಿನಲ್ಲಿ ವೈರ್‌ಶಾರ್ಕ್ (ನೆಟ್‌ವರ್ಕಿನ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ತಂತ್ರಾಂಶ) ಹಿಡಿಯುವ ಮುನ್ನ ಬರಹದಲ್ಲಿ ಅನುಮತಿ ಪಡೆಯಿರಿ, ಆರ್ಪ್ ಉತ್ತರ ನಕಲಿಸುವ ಉಪಕರಣಗಳನ್ನು ಪರೀಕ್ಷೆಗೆಂದೂ ಓಡಿಸಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ನೇ ಕಲಮಿನಡಿ ಅಪ್ರಾಮಾಣಿಕ ಉದ್ದೇಶದ ಅನಧಿಕೃತ ಪ್ರವೇಶ, ಅಡ್ಡಿಗಳಿಗೆ ಮೂರು ವರ್ಷದವರೆಗೆ ಸೆರೆವಾಸ ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ಕೇಬಲ್ ಎಳೆದಿದ್ದರೆ ಗುಡುಗು ಇರುವಾಗ ಮುಟ್ಟಲೇಬೇಡಿ. ಮಲೆನಾಡು, ಕರಾವಳಿಗಳಲ್ಲಿ ಮುಂಗಾರಿಗೆ ಮೊದಲಿನ ಸಿಡಿಲಿಗೆ ಸ್ವಿಚ್ಚಿನ ಪೋರ್ಟುಗಳು ಸುಡುವುದು ಹೆಚ್ಚಾಗಿ ಇಂಥ ಕೇಬಲ್ಲುಗಳಿಂದಲೇ. ಸುಟ್ಟ ಪೋರ್ಟಿನ ದೀಪ ಉರಿಯುತ್ತಿದ್ದೂ ಫ್ರೇಮ್ ಹಾಯದೆ ಇರಬಹುದು. ಅಲ್ಲಿಗೆ ಫೈಬರ್ ಹಾಕಿಸಿ. ಕ್ಯಾಮೆರಾಗಳಿಗೆ ಕೇಬಲ್ಲಿನಲ್ಲೇ ವಿದ್ಯುತ್ ಕೊಡುವ ಪ್ಯಾಸಿವ್ ಇಂಜೆಕ್ಟರ್ ಇದ್ದರೆ ಅದರ ಕೇಬಲನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಪರೀಕ್ಷಿಸುವ ಸಾಹಸ ಬೇಡ.

ಐಪಿಯ ಹೊಸ ಆವೃತ್ತಿಯಾದ ಐಪಿವಿ6ನಲ್ಲಿ ಆರ್ಪ್ ಇಲ್ಲ, ನೇಬರ್ ಡಿಸ್ಕವರಿ ಎಂಬ ಬೇರೆ ಪದ್ಧತಿ ಇದೆ. ಹೆಸರು ಹಿಡಿದು ಪಿಂಗ್ ಮಾಡಿದಾಗ ಕೋಲನ್‌ಗಳಿರುವ ಉದ್ದದ ವಿಳಾಸ ಕಂಡರೆ ಆರ್ಪ್ ಪಟ್ಟಿ ನೋಡಿ ಪ್ರಯೋಜನವಿಲ್ಲ. ಪಿಂಗ್ -4 ಕೊಟ್ಟು ಮತ್ತೆ ಪರೀಕ್ಷಿಸಿ.

ಇಷ್ಟಾದರೂ ಸಿಗದಿದ್ದರೆ ಸಹಾಯಕ್ಕೆ ಕರೆ ಮಾಡುವ ಮುನ್ನ ಇವನ್ನು ಬರೆದಿಟ್ಟುಕೊಳ್ಳಿ: ಎರಡೂ ಯಂತ್ರಗಳ ಐಪಿ, ಮಾಸ್ಕ್, ಗೇಟ್‌ವೇ, ದೋಷವಿದ್ದಾಗಿನ ಆರ್ಪ್ ಪಟ್ಟಿ, ಸಾಧ್ಯವಾದರೆ ಸರಿಯಿದ್ದಾಗಿನದೂ, ಪಿಂಗ್‌ಗೆ ಬಂದ ಸಂದೇಶ ಮತ್ತು ಅದು ಯಾವ ವಿಳಾಸದಿಂದ ಬಂತು, ಟ್ರೇಸರ್ಟ್ ಎಲ್ಲಿ ನಿಂತಿತು, ಕಳೆದ ವಾರ ಯಾವ ಉಪಕರಣ ಬದಲಾಯಿತು. ಕೊನೆಯ ಪ್ರಶ್ನೆಗೆ ‘ಏನೂ ಬದಲಾಗಿಲ್ಲ’ ಎಂಬ ಉತ್ತರ ಸಿಕ್ಕರೆ ಅದೇ ಪ್ರಶ್ನೆಯನ್ನು ಇನ್ನೊಬ್ಬರಿಗೂ ಕೇಳಿ.